ಗೇಲಿಯ ಗೊಂಬೆಗಳು

ರಾಜಕಾರಣಿಗಳನ್ನು ಗೇಲಿ ಮಾಡುವ ಗೊಂಬೆ, ಬ್ಯಾಡ್ಜ್, ಮುಖವಾಡ ಅಂದರೆ ನನಗೆ ಪಂಚಪ್ರಾಣ. ಇದೇನೂ ಇವತ್ತಿನ ಹುಚ್ಚಲ್ಲ. 19ನೇ ಶತಮಾನದ ಶುರುವಿನಲ್ಲೇ ಇಂಗ್ಲೆಂಡಿನಲ್ಲಿ ನೆಪೋಲಿಯನ್ ತಲೆಯನ್ನು ಮೂತ್ರದ ಪಾತ್ರೆಯೊಳಗೆ ಕೂರಿಸಿ ಮಾರಿದ್ದರು!

ಎಲ್ಲಕ್ಕಿಂತ ಜಾಸ್ತಿ ಇಷ್ಟ ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ‘ಕಗಾನೇರ್’. ಕ್ರಿಸ್‌ಮಸ್ ಗೋದಲಿಯ ಮೂಲೆಯಲ್ಲಿ ಇಡುವ ಪುಟ್ಟ ಗೊಂಬೆ. ಮೂಲದಲ್ಲಿ ಕೆಂಪು ಟೋಪಿಯ ರೈತ. ಚಡ್ಡಿ ಇಳಿಸಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಹಿಂದೆ ನೆಲದ ಮೇಲೆ ಸುರುಳಿ ಸುತ್ತಿದ ಕಂದು ಗುಡ್ಡೆ. ಈಗ ಅದೇ ಭಂಗಿಯಲ್ಲಿ ಒಬಾಮಾ, ಟ್ರಂಪ್, ಮರ್ಕೆಲ್ ಎಲ್ಲರೂ ಸಿಗುತ್ತಾರೆ. ಮೇಲಿನ ಕೋಟು ಮಾತ್ರ ನೀಟಾಗಿರುತ್ತದೆ. ಪಕ್ಷ ನೋಡದೆ ಎಲ್ಲರನ್ನೂ ಕೂರಿಸುತ್ತಾರೆ ಅಲ್ವಾ, ಅದೇ ನನಗೆ ಹಿಡಿಸಿದ್ದು. ಬರೀ ಮೈಬಣ್ಣ, ಧರ್ಮ ಹಿಡಿದು ಅಣಕಿಸುವ ಸಾಮಾನನ್ನು ಮಾತ್ರ ನಾನು ಯಾರಿಗೂ ಉಡುಗೊರೆ ಕೊಡುವುದಿಲ್ಲ.