ಐದು ಹೆಸರು, ಎರಡು ತಟ್ಟೆ

23 ಅಕ್ಟೋಬರ್ 2025, ಗುರುವಾರ
ತುಮರಿ ಕಡೆ, ಮನೆ

ನಾಳೆ ಹೊರಡಬೇಕು. ಬ್ಯಾಗು ತುಂಬಿಲ್ಲ. ಗೋಪೂಜೆ ನಿನ್ನೆ ಮುಗಿಯಿತು, ಹೋಳಿಗೆ ಮುಗಿದಿಲ್ಲ.

ಬೆಳಿಗ್ಗೆ ಕರೆಂಟ್ ಮೀಟರಿನ ಹತ್ತಿರ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಯ ಸ್ಟಿಕ್ಕರ್ ಕಂಡಿತು. "ಟೀಚರ್ ಬಂದಿದ್ರಾ?" ಅಂದೆ. ಅಮ್ಮನಿಗೆ ಅಷ್ಟೇ ಸಾಕಾಯಿತು.

"60 ಪ್ರಶ್ನೆ ಮಾರಾಯ! ಅಕ್ಕನ ಮದುವೇಲಿ ಗಂಡಿನ ಕಡೆಯೋರೂ ಅಷ್ಟು ಕೇಳಿರಲಿಲ್ಲ. ಓಟಿಪಿ ಬರಲಿಲ್ಲ ಅಂತ ಪಾಪ ಅವರನ್ನ ಕರ್ಕೊಂಡು ಗುಡ್ಡ ಹತ್ತಿದೆ. ಇಳಿದ ಮೇಲೆ ಕಾಫಿ ಕೊಟ್ಟೆ."

"ಮನೇಲಿ ಎಷ್ಟು ಜನ ಅಂತ ಬರೆಸಿದೆ?"

"ಐದು."

ಅಕ್ಕ ಸೊರಬ ಸೇರಿ ಒಂಬತ್ತು ವರ್ಷ. ತಮ್ಮ ಮಂಗಳೂರು. ನಾನು ಬೆಂಗಳೂರು. ಉಣ್ಣುವುದು ಇಲ್ಲಿ ಎರಡೇ ತಟ್ಟೆ. ಹಾಗಂತ ಹೇಳಿದೆ.

"ರೇಷನ್ ಕಾರ್ಡಲ್ಲಿ ಐದು ಹೆಸರಿದೆ. ಎಲ್ಲ ಇಲ್ಲೇ ಇರ್ತಾರಾ ಅಂತ ಟೀಚರೂ ಕೇಳಿದ್ರು. ಹಬ್ಬಕ್ಕೆ ಬರ್ತಾರೆ ಅಂದೆ. ಸುಳ್ಳಾ?"

ಸುಳ್ಳಲ್ಲ.

ಅಮ್ಮನನ್ನೇನು ಹೇಳುವುದು, ಸರ್ಕಾರದ ಲೆಕ್ಕವೂ ಹಾಗೇ ಇದೆ. ನಮ್ಮೂರಿನ ಜನಸಂಖ್ಯೆ ಎಷ್ಟು ಅಂತ ಹುಡುಕಿದರೆ ಇವತ್ತಿಗೂ ಸಿಗುವುದು 2011ರದ್ದೇ. 2021ರ ಜನಗಣತಿ ಕೊರೊನಾಕ್ಕೆ ನಿಂತಿತು, ಮುಂದಿನದ್ದು 2027ಕ್ಕೆ. ಆ ಹಳೆಯ ಲೆಕ್ಕದಲ್ಲಿ ನಾನಿನ್ನೂ ಹೈಸ್ಕೂಲು ಹುಡುಗ, ಅಕ್ಕ ಇಲ್ಲೇ ಹಾಲು ಕರೆಯುತ್ತಿದ್ದಾಳೆ. ಒಂಥರಾ ಖುಷಿ ಅನಿಸಿತು. ಆಮೇಲೆ ಅನಿಸಲಿಲ್ಲ.

ಅಪ್ಪ ಅಷ್ಟು ಹೊತ್ತೂ ಅಡಿಕೆ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: "ಮೊದಲಾದರೆ ಲಾಂಚ್ ಸಿಗಲ್ಲ ಅಂತಿದ್ರಿ."

ಅಷ್ಟೇ ಹೇಳಿದ್ದು.

ಹೌದು, ಅನ್ನುತ್ತಿದ್ದೆವು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಈಚೆ ಕಡೆಯವರಿಗೆ ಸಾಗರ ಪೇಟೆಗೆ ದಾರಿ ಅಂದರೆ ಲಾಂಚೇ, ಹಿನ್ನೀರು ದಾಟಿಸುವ ದೊಡ್ಡ ದೋಣಿ. ಬಸ್ಸು ಕೂಡ ಲಾಂಚ್ ಹತ್ತಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ಹೊಳೆಬಾಗಿಲಿನಲ್ಲಿ ನಿಂತು ಆಚೆ ದಡದ ದೀಪ ನೋಡುವುದು, ಇಲ್ಲವೇ ಹೊಸನಗರ ಸುತ್ತುವುದು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಶನಿವಾರ ಭಾನುವಾರ ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ಕಾರಿನ ಸಾಲು. ಬೈದದ್ದು ಎಷ್ಟೋ. ಆದರೆ ಬರಲು ಮನಸ್ಸಿಲ್ಲದ ದಿನ ಅದೇ ಲಾಂಚು ಎಷ್ಟು ಉಪಕಾರಕ್ಕೆ ಬಂತು! "ಲೇಟಾಯ್ತಮ್ಮ, ಲಾಂಚ್ ಇಲ್ಲ" ಅಂದರೆ ಮುಗಿಯಿತು. ಅಮ್ಮನೇ ಸಮಾಧಾನ ಹೇಳುತ್ತಿದ್ದಳು.

ಜುಲೈ 14ಕ್ಕೆ ಸೇತುವೆ ಆಯಿತು. 2018ರಲ್ಲಿ ಶಂಕುಸ್ಥಾಪನೆ, ಏಳು ವರ್ಷ, 470 ಕೋಟಿ ಮೇಲೆ ಖರ್ಚು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡೂವರೆ ಕಿಲೋಮೀಟರೂ ಇಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ದಾಟಿದೆ. ಒಂದು ಹಾಡೂ ಮುಗಿಯಲಿಲ್ಲ.

ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದವರನ್ನು ನೆನೆದರೆ ಸೇತುವೆಗೆ ಕೈ ಮುಗಿಯಬೇಕು. ಸುಮ್ನೆ ಹೇಳುತ್ತಿಲ್ಲ. ಇನ್ನು ನಮ್ಮ ಮನೆಯ ಮಾತು ಬೇರೆ. ಇಲ್ಲಿ ಕಳೆದದ್ದು ಒಂದು ನೆಪ, ಅಷ್ಟೇ.

ಊಟಕ್ಕೆ ಕೂತಾಗ ಅಂಟಿಗೆ ಪಂಟಿಗೆಯವರು ಬಂದರು, ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವವರು. ಮೊದಲೆಲ್ಲ ದೂರದಲ್ಲಿ ಹಾಡು ಕೇಳುತ್ತಿತ್ತು, ಆಮೇಲೆ ಗದ್ದೆ ಅಂಚಿನಲ್ಲಿ ದೀಪ, ಆಮೇಲೆ ನಾಯಿ. ಈ ಸಲ ಓಮ್ನಿಯ ಸದ್ದು. ನಡೆಯುವ ಹುಡುಗರು ಇಲ್ಲ, ಇರುವ ನಾಲ್ವರಲ್ಲಿ ಇಬ್ಬರಿಗೆ ಮಂಡಿನೋವು. ಸೆಖೆಗೆ ಬೆವರುತ್ತಾ ಇಳಿದರು. ದೀಪ ಆರಬಾರದಲ್ಲ, ದಾರಿಯುದ್ದಕ್ಕೂ ಗಾಜು ಏರಿಸಿಕೊಂಡೇ ಬಂದಿದ್ದರಂತೆ.

ಅಮ್ಮ ಎಣ್ಣೆ ಹಾಕಿದಳು. ಅವರಲ್ಲೊಬ್ಬರು ನನ್ನನ್ನು ನೋಡಿ, "ನೀನೂ ಬಾರೋ, ದನಿ ಸೇರಿಸೋಕೆ ಒಬ್ಬ ಕಡಿಮೆ, ಗಾಡೀಲಿ ಜಾಗ ಇದೆ" ಅಂದರು. ನಾಳೆ ಬೆಳಿಗ್ಗೆ ಬೇಗ ಹೊರಡಬೇಕು ಅಂತ ಬಾಯಿಗೆ ಬಂತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಚಪ್ಪಲಿ ಹುಡುಕತೊಡಗಿದೆ.