ಹನ್ನೊಂದು ಸ್ಕ್ರೂಗಳ ಆಚೆ

ಗೋವಾದ ಮಾಂಡೋವಿ ನದಿಯ ದಂಡೆಯ ದೋಣಿ ಅಂಗಳವೊಂದರಲ್ಲಿ ವಿದ್ಯುತ್ ಕೆಲಸ ಮಾಡುತ್ತೇನೆ. ಊರು ಅಂಕೋಲೆ. ತಂದೆಗೆ ಬೇಲೇಕೇರಿಯಲ್ಲಿ ಪಾತಿದೋಣಿ ಇತ್ತು, ಆದರೆ ನಾನು ಸಮುದ್ರಕ್ಕೆ ಇಳಿದವನಲ್ಲ. ಐಟಿಐ ಮುಗಿಸಿ ಮಡಗಾಂವಿಗೆ ಬಂದು ಆರು ವರ್ಷ ಮನೆಗಳಿಗೆ ವೈರಿಂಗ್ ಮಾಡಿದೆ. ಆಮೇಲೆ ಪರಿಚಯದವರೊಬ್ಬರು ದೋಣಿ ಕೆಲಸಕ್ಕೆ ಕರೆದರು. ಮನೆಯಲ್ಲಿ 230 ವೋಲ್ಟ್, ದೋಣಿಯಲ್ಲಿ 12 ವೋಲ್ಟ್, ಇಷ್ಟೇ ತಾನೇ ಎಂದುಕೊಂಡು ಸೇರಿಕೊಂಡೆ.

ಪುಸ್ತಕದ ಪಾಠಗಳನ್ನು ಬೇಗ ಕಲಿತೆ. ಮನೆಯ ತಂತಿಯ ತಾಮ್ರ ಉಪ್ಪುಗಾಳಿಗೆ ಕಪ್ಪಾಗಿ ಪುಡಿಯಾಗುತ್ತದೆ, ಆದ್ದರಿಂದ ತವರ ಲೇಪಿಸಿದ ತಂತಿ ಬೇಕು. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋದರೂ ದೀಪ ಮಂಕಾಗುತ್ತದೆ, ಆದ್ದರಿಂದ ತಂತಿ ದಪ್ಪವಿರಬೇಕು. ಯಂತ್ರದೊಳಗೆ ಹೋಗುವ ಮುನ್ನ ತಂತಿಯನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತರಬೇಕು, ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಇವೆಲ್ಲ ಬಾಯಿಪಾಠವಾಗಿದ್ದವು. ಒಂಬತ್ತು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ದೋಣಿಗಳನ್ನು ಮುಟ್ಟಿದೆ. ಸಂಜೆ ಆರಕ್ಕೆ ಉಪಕರಣದ ಚೀಲ ಹೆಗಲಿಗೇರಿಸಿ ಕೋಣೆಗೆ ಮರಳುತ್ತಿದ್ದೆ. ಒಂದೇ ಒಂದು ರಾತ್ರಿ ದೋಣಿಯಲ್ಲಿ ಮಲಗಿರಲಿಲ್ಲ. ಅದೊಂದು ಕೊರತೆ ಎಂದು ಅನಿಸಿರಲೂ ಇಲ್ಲ.

ಧಾರವಾಡ ಕಡೆಯ ಒಬ್ಬ ನಿವೃತ್ತ ಇಂಜಿನಿಯರ್ ಮತ್ತು ಅವರ ಪತ್ನಿ 33 ಅಡಿಯ ಹಳೆಯ ಹಾಯಿದೋಣಿಯನ್ನು ಕೊಂಡು ನಮ್ಮಲ್ಲಿಗೆ ತಂದರು. ಇಲ್ಲಿ ಅವರನ್ನು ರಾಯರು, ಬಾಯಿಯವರು ಎಂದಷ್ಟೇ ಕರೆಯುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ದೋಣಿಯನ್ನು ದಡಕ್ಕೆ ಎಳೆದಿಟ್ಟು ಮಗಳ ಮನೆಯಲ್ಲಿರುವುದು, ಉಳಿದ ಎಂಟು ತಿಂಗಳು ದೋಣಿಯಲ್ಲೇ ಸಂಸಾರ ಎಂಬುದು ಅವರ ಯೋಜನೆ. ಅಂಗಳಕ್ಕೆ ಅಂಗಳವೇ ನಕ್ಕಿತು, ನಾನೂ ಸೇರಿ. ಆದರೆ ಕನ್ನಡ ಮಾತನಾಡುವ ಗಿರಾಕಿಗಳು ಸಿಕ್ಕ ಖುಷಿಗೆ ಕೆಲಸವನ್ನು ಮನಸಿಟ್ಟು ಮಾಡಿದೆ. ಹಳೆಯ ಜಾಲವನ್ನು ಕಿತ್ತು ಹಾಕಿ ಹೊಸ ತಂತಿ ಎಳೆದೆ. ಒಂದೂ ಕಣ್ಣಿಗೆ ಬೀಳದಂತೆ ತೇಗದ ಹಲಗೆಗಳ ಹಿಂದೆ ಸಾಗಿಸಿದೆ. ಅಂಗಳಕ್ಕೆ ಬಂದವರಿಗೆಲ್ಲ ಆ ಕ್ಯಾಬಿನ್ ತೋರಿಸುತ್ತಿದ್ದೆ. ಅಚ್ಚುಕಟ್ಟು ಎಂದರೆ ಇದು ಎಂಬ ಜಂಬ.

ಆ ಜಂಬದೊಳಗೆ ಒಂದು ಕಳ್ಳತನವಿತ್ತು. ಬಲಬದಿಯ ಹಾಸಿಗೆಯ ಹಿಂದೆ ಉಪಕರಣಗಳ ಮುಖ್ಯ ತಂತಿ ಒಂದು ಗೇಣು ಕಡಿಮೆ ಬಿತ್ತು. ಶನಿವಾರ ಸಂಜೆ. ತಂತಿಗಳನ್ನು ಒತ್ತಿ ಜೋಡಿಸುವ ಸರಿಯಾದ ಅಳತೆಯ ಕ್ರಿಂಪ್ ತುಂಡುಗಳು ಮುಗಿದಿದ್ದವು. ಇನ್ನೊಂದು ತುಂಡು ತಂತಿ ಸೇರಿಸಿ ಬೆಸುಗೆ ಹಾಕಿ, ಟೇಪು ಸುತ್ತಿ, ಹಲಗೆ ಮುಚ್ಚಿ ಹನ್ನೊಂದು ಸ್ಕ್ರೂ ಬಿಗಿದೆ. ಬೆಸುಗೆ ಹಾಕಿದ ಕಡೆ ತಂತಿ ಸೆಟೆದು ಕಡ್ಡಿಯಾಗುತ್ತದೆ, ಅಲುಗಾಟದಲ್ಲಿ ಆ ಕಡ್ಡಿಯ ಅಂಚಿನಲ್ಲೇ ಮುರಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಯಾರು ನೋಡುತ್ತಾರೆ ಎಂಬ ಧೈರ್ಯ.

ಅವರು ಡಿಸೆಂಬರಿನಲ್ಲಿ ಮುಂಬೈಗೆ ಹೋದರು. ಜನವರಿಯಲ್ಲಿ ರಾಯರ ಫೋನು ಬಂತು. ಮರಳಿ ಬರುವಾಗ ಜೊತೆಗಿರಬೇಕಿದ್ದ ಗೆಳೆಯರಿಗೆ ಜ್ವರವಂತೆ. ರಾತ್ರಿ ಪಹರೆಗೆ ಮೂರನೆಯವರೊಬ್ಬರು ಬೇಕು, ನೀನು ಬರುತ್ತೀಯಾ ಎಂದರು. ದೋಣಿ ಓಡಿಸಲು ಬಾರದ ನನ್ನನ್ನು ಏಕೆ ಕರೆದರೋ! ಬೆಳಿಗ್ಗೆ ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿದೆ. ರೈಲಿಗೆ ಹನ್ನೆರಡು ತಾಸಿನ ದಾರಿ. ಅದೇ ದಾರಿ ಸಮುದ್ರದಲ್ಲಿ ಸುಮಾರು 220 ನಾಟಿಕಲ್ ಮೈಲಿ, 33 ಅಡಿಯ ಹಾಯಿದೋಣಿ ಗಂಟೆಗೆ ಐದು ಮೈಲಿ ಸಾಗಿದರೆ ಅದೇ ದೊಡ್ಡದು.

ಹೊರಡುವ ಮುನ್ನ ಗೇಟ್‌ವೇ ಆಫ್ ಇಂಡಿಯಾ ಎದುರಿನ ನೀರಿನಲ್ಲಿ ಆರು ದಿನ ಇದ್ದೆವು. ನಾನು ಪಾಠ ಕಲಿತದ್ದು ನಿಜವಾಗಿ ಅಲ್ಲಿ. ಸಮುದ್ರದಲ್ಲಿ ಆದದ್ದು ಪರೀಕ್ಷೆ ಮಾತ್ರ. ಎಲಿಫೆಂಟಾಕ್ಕೂ ಮಾಂಡ್ವಾಕ್ಕೂ ಹೋಗುವ ಲಾಂಚುಗಳು ಬೆಳಗಿನಿಂದ ಸಂಜೆಯವರೆಗೆ ಎಬ್ಬಿಸುವ ಅಲೆಗೆ ದೋಣಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ದೋಣಿ ಕಟ್ಟಲು ಬೋಯಾ, ಅಂದರೆ ತೇಲುಗುಂಡು, ಸಿಗದೆ ಮೊದಲ ರಾತ್ರಿ ಲಂಗರು ಹಾಕಿದ್ದೆವು. ಗೋವಾದಲ್ಲಿ ಉಬ್ಬರ ಇಳಿತದ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಮುಂಬೈ ಬಂದರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನಾಲ್ಕು ಮೀಟರನ್ನೂ ಮೀರುತ್ತದೆ. ಇಳಿತದಲ್ಲಿ ನಾಲ್ಕು ಮೀಟರ್ ಆಳ, ಉಬ್ಬರದ ನಾಲ್ಕು, ದೋಣಿಯ ಮೂತಿಯ ಎತ್ತರ ಒಂದು, ಒಟ್ಟು ಒಂಬತ್ತು. ಅದರ ಐದು ಪಟ್ಟು, ಅಂದರೆ 45 ಮೀಟರ್ ಸರಪಳಿ. ಗೋವಾದ ಲೆಕ್ಕದಲ್ಲಿ 35 ಮೀಟರ್ ಬಿಟ್ಟು ಮಲಗಿದರೆ ನಡುರಾತ್ರಿ ಪಕ್ಕದವರ ದೋಣಿಗೆ ಮುತ್ತಿಡಬೇಕಾಗುತ್ತದೆ ಎಂದರು ರಾಯರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಸರಪಳಿ ಗರಗರ ಎಂದಾಗಲೆಲ್ಲ ಎದ್ದು ಕುಳಿತೆ. ಬಾಯಿಯವರು ಮಾತ್ರ ಗೊರಕೆ ಹೊಡೆಯುತ್ತಿದ್ದರು. ಆದರೆ ಗಾಳಿ ತಿರುಗಿದ ಕೂಡಲೇ, ನಮ್ಮಿಬ್ಬರಿಗಿಂತ ಮೊದಲು, ಮೇಲೆ ಹೋಗಿ ನೋಡಿ ಬಂದವರೂ ಅವರೇ.

ದೋಣಿಯಲ್ಲಿ ಯಾವುದೂ ಪೂರ್ತಿ ಒಣಗುವುದಿಲ್ಲ. ಬಟ್ಟೆಗೆ ಹತ್ತಿದ ಉಪ್ಪು ರಾತ್ರಿಯ ತೇವವನ್ನು ಹೀರಿಕೊಂಡು ಬೆಳಿಗ್ಗೆ ಮತ್ತೆ ಜಿಗುಟು. ಟ್ಯಾಂಕಿನ ಸಿಹಿನೀರು ಕುಡಿಯಲು ಮತ್ತು ಅಡುಗೆಗೆ. ಪಾತ್ರೆ ತೊಳೆಯಲು ಕಾಲಲ್ಲಿ ತುಳಿಯುವ ಪಂಪಿನ ಸಮುದ್ರದ ನೀರು. ಅನ್ನಕ್ಕೆ ಮೂರರಲ್ಲಿ ಒಂದು ಪಾಲು ಸಮುದ್ರದ ನೀರನ್ನೇ ಹಾಕಿದರೆ ಉಪ್ಪು ಬೇರೆ ಬೇಡ ಎಂದು ಬಾಯಿಯವರು ತೋರಿಸಿದರು. ಹಾಗೆಂದು ಬಂದರಿನ ಆ ಕೊಳಕು ನೀರಲ್ಲ, ದಡ ಬಿಟ್ಟು ದೂರ ಹೋದ ಮೇಲೆ. ಅಡುಗೆಯೆಲ್ಲ ಪ್ರೆಶರ್ ಕುಕ್ಕರಿನಲ್ಲಿ. ಸಮಯ ಉಳಿಯುತ್ತದೆ ಎಂದಲ್ಲ, ಒಲೆ ಓಲಾಡಿ ಕುಕ್ಕರು ಉರುಳಿದರೂ ಮುಚ್ಚಳ ಬಿಗಿಯಾಗಿರುವುದರಿಂದ ಕುದಿಯುವ ಸಾರು ಮೈಮೇಲೆ ಬೀಳುವುದಿಲ್ಲ ಎಂದು. ಅಡುಗೆ ಮುಗಿದೊಡನೆ ಗ್ಯಾಸನ್ನು ಸಿಲಿಂಡರಿನ ಬುಡದಲ್ಲೇ ಮುಚ್ಚುತ್ತಿದ್ದರು. ಆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಗೆ ಹೋದೀತು. ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಕುಳಿತುಕೊಳ್ಳುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ.

ಅವರ ಬಳಿ ಒಂದು ನೋಟುಬುಕ್ ಇತ್ತು. ಯಾವ ಗೂಡಿನಲ್ಲಿ ಎಷ್ಟು ತೊಗರಿಬೇಳೆ, ಯಾವುದರಲ್ಲಿ ಅವಲಕ್ಕಿ, ಯಾವ ಹಲಗೆಯ ಹಿಂದೆ ಚಟ್ನಿಪುಡಿ ಡಬ್ಬಿ, ಎಲ್ಲ ಬರೆದಿಟ್ಟಿದ್ದರು. ಪುಟ ತಿರುವಿದಂತೆ ನನ್ನ ಎದೆ ಡವಗುಟ್ಟಿತು. ನಾನು ತಂತಿ ಸಾಗಿಸಿದ್ದ ಪ್ರತಿಯೊಂದು ಖಾಲಿ ಜಾಗವೂ ಅಲ್ಲಿ ಅವರ ಕಪಾಟಾಗಿತ್ತು.

ಅದೇ ಪುಸ್ತಕದ ಹಿಂಬದಿಯಲ್ಲಿ ವಿದ್ಯುತ್ತಿನ ಜಮಾಖರ್ಚು. ಬ್ಯಾಟರಿಯ ವಿದ್ಯುತ್ತನ್ನು ಅಳೆಯುವುದು ಆಂಪಿಯರ್-ಅವರ್ ಲೆಕ್ಕದಲ್ಲಿ. ಇವರದು 200 ಆಂಪಿಯರ್-ಅವರ್ ಸೀಸದ ಬ್ಯಾಟರಿ. ಅದು ಬಾಳಬೇಕಾದರೆ ಅರ್ಧ ಮಾತ್ರ ಬಳಸಬಹುದು, ಅಂದರೆ ನೂರು. 200 ವಾಟ್ ಸೋಲಾರ್ ಫಲಕ ಒಳ್ಳೆಯ ಬಿಸಿಲಿನ ದಿನ ತುಂಬುವುದು ಸುಮಾರು ಅರವತ್ತು. ಸಣ್ಣ ಫ್ರಿಜ್ ಒಂದೇ ನಲವತ್ತೈದು ತಿನ್ನುತ್ತದೆ. ಇಷ್ಟಾದರೂ ಬ್ಯಾಟರಿ ದಿನದಿಂದ ದಿನಕ್ಕೆ ಕುಗ್ಗುತ್ತಿರುವುದು ಏಕೆಂದು ಅವರಿಗೆ ತಿಳಿಯದೆ, ಚಟ್ನಿ ಅರೆಯುವುದನ್ನೇ ಬಿಟ್ಟಿದ್ದರು. ಮಿಕ್ಸಿ 500 ವಾಟ್ ಅಲ್ಲವೇ, ಅದೇ ನುಂಗುತ್ತಿರಬೇಕು ಎಂದು. ನಾನು ಲೆಕ್ಕ ಹಾಕಿದೆ. ಮೂರು ನಿಮಿಷದ ಚಟ್ನಿಗೆ ಎರಡೂವರೆ ಆಂಪಿಯರ್-ಅವರ್ ಕೂಡ ದಾಟುವುದಿಲ್ಲ. ಕಳ್ಳ ಬೇರೆ. ನಾನು ಹಾಕಿಕೊಟ್ಟ 2000 ವಾಟಿನ ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ಮನೆ ಉರಿಯುವಾಗಲೂ ಒಂದು ಆಂಪಿಯರ್ ಎಳೆಯುತ್ತಿತ್ತು, ದಿನಕ್ಕೆ ಇಪ್ಪತ್ತನಾಲ್ಕು. ಆರಿಸುವುದಕ್ಕೇನಾಗಿತ್ತು ಎಂದು ಕೇಳಿದೆ. ಬಾಯಿಯವರು ಮಾತನಾಡದೆ ಇಂಜಿನ್ ಕೋಣೆಯ ಮುಚ್ಚಳ ಎತ್ತಿ, ಮೆಟ್ಟಿಲು ಕಳಚಿ, ಹೊಟ್ಟೆಯ ಮೇಲೆ ಮಲಗಿ, ಕೈ ಚಾಚಿ ತೋರಿಸಿದರು. ಅವರ ಬೆರಳಿಗೂ ಸ್ವಿಚ್ಚಿಗೂ ನಡುವೆ ನಾಲ್ಕಂಗುಲ ಉಳಿದಿತ್ತು. ನನ್ನ ಕೈಗೆ ಅದು ಎಟಕುತ್ತದೆ. ನಾನು ಅಳೆದದ್ದು ನನ್ನ ಕೈಯನ್ನು ಮಾತ್ರ.

ಅಂದು ರಾತ್ರಿ ಚಟ್ನಿ ಅರೆದರು.

ಜನವರಿಯ ಕೊಂಕಣ ಕರಾವಳಿಯಲ್ಲಿ ಗಾಳಿಗೆ ಕಚೇರಿಯ ಹಾಗೆ ವೇಳಾಪಟ್ಟಿ ಇರುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳನೆಯ ಗಾಳಿ, ಮಧ್ಯಾಹ್ನದ ನಂತರ ವಾಯವ್ಯದಿಂದ ಜೋರಾಗಿ, ರಾತ್ರಿ ಹೆಚ್ಚುಕಡಿಮೆ ಏನೂ ಇಲ್ಲ. ದಕ್ಷಿಣಕ್ಕೆ ಹೊರಟವರಿಗೆ ಮಧ್ಯಾಹ್ನದ ಗಾಳಿ ಬೆನ್ನಿಗೆ. ಮೊದಲ ದಿನ ಹಾಯಿ ತುಂಬಿ ಹಾರಿಕೊಂಡು ಬಂದೆವು. ಜಂಜೀರಾ ಕೋಟೆ ಎಡಕ್ಕೆ ಸರಿದದ್ದನ್ನು ನಾನು ವಾಂತಿಯ ನಡುವೆ ನೋಡಿದೆ. ಎರಡನೆಯ ರಾತ್ರಿ ಗಾಳಿ ಬಿದ್ದಿತ್ತು. ಇಂಜಿನ್ ಹಚ್ಚಿ, ಓಲಾಟ ಕಡಿಮೆಯಾಗಲೆಂದು ದೊಡ್ಡ ಹಾಯಿಯನ್ನು ಏರಿಸಿಯೇ ಇಟ್ಟು ಸಾಗುತ್ತಿದ್ದೆವು. ಎಡಗಡೆ ದೇವಗಡದ ದೀಪಸ್ತಂಭ ಮಿನುಗುತ್ತಿತ್ತು. ಸುತ್ತಲೂ ಮೀನು ಬಲೆಗಳ ಗುರುತಿಗೆ ಕಟ್ಟಿದ ಪುಟ್ಟ ಪುಟ್ಟ ಕೆಂಪು ಹಸಿರು ದೀಪಗಳು, ದೀಪಾವಳಿಯ ಸರ ಕಡಿದು ನೀರಿಗೆ ಚೆಲ್ಲಿದ ಹಾಗೆ. ಬಲೆಯೊಂದು ಪ್ರೊಪೆಲರಿಗೆ ಸುತ್ತಿಕೊಂಡರೆ ಚಾಕು ಹಿಡಿದು ನೀರಿಗಿಳಿಯಬೇಕು. ಆದ್ದರಿಂದ ಒಬ್ಬರು ಸದಾ ಎದುರು ನೋಡುತ್ತಿರಬೇಕು, ಚುಕ್ಕಾಣಿಯನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ಆಟೋಪೈಲಟ್, ಆಳ ಅಳೆಯುವ ಯಂತ್ರ, ದಿಕ್ಸೂಚಿಯ ದೀಪ, ಕೂವೆಕಂಬದ ದೀಪ, ಎಲ್ಲವೂ ಒಟ್ಟಿಗೆ ಆರಿದವು. ಇಂಜಿನ್ ಮಾತ್ರ ಓಡುತ್ತಲೇ ಇತ್ತು. ನನಗೆ ಫ್ಯೂಸ್ ನೋಡುವ ಅಗತ್ಯವೂ ಬೀಳಲಿಲ್ಲ. ಎಲ್ಲಿ ಎಂದು ಆ ಕ್ಷಣವೇ ತಿಳಿಯಿತು.

ರಾಯರು ಚುಕ್ಕಾಣಿ ಹಿಡಿದರು, ಟಾರ್ಚಿನಲ್ಲಿ ದಿಕ್ಸೂಚಿ ನೋಡುತ್ತ. ಮೀನುಗಾರರ ದೋಣಿ ಹತ್ತಿರ ಬಂದಾಗ ಟಾರ್ಚನ್ನು ಹಾಯಿಯ ಮೇಲೆ ಬಿಡುತ್ತಿದ್ದರು. ಬಿಳಿಯ ಬಟ್ಟೆ ದೂರಕ್ಕೂ ಕಾಣುತ್ತದೆ. ಕೆಳಗೆ ನಾನು ಹಾಸಿಗೆ ಎತ್ತಿದೆ. ಬಾಯಿಯವರು ಅಕ್ಕಿ, ಬೇಳೆ, ಬೆಲ್ಲ, ಹಪ್ಪಳ ಎಂದು ಹೆಸರು ಹೇಳುತ್ತ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ತಮ್ಮ ಕಾಲುಗಳ ನಡುವೆ ಉರುಳದಂತೆ ಇಟ್ಟುಕೊಂಡರು. ಬಾಯಲ್ಲಿ ಸಣ್ಣ ಟಾರ್ಚು, ತಲೆ ಕೆಳಗೆ, ಮೂಗಿಗೆ ಡೀಸೆಲ್ ವಾಸನೆ. ಹನ್ನೊಂದು ಸ್ಕ್ರೂ. ಒಂದು ಜಾರಿ ತಳದ ಗುಂಡಿಗೆ ಬಿತ್ತು, ಅದು ಇವತ್ತಿಗೂ ಅಲ್ಲೇ ಇದೆ. ನಡುವೆ ಎರಡು ಸಲ ಬಕೆಟ್ ಬೇಕಾಯಿತು, ಅದನ್ನೂ ಬಾಯಿಯವರೇ ಹಿಡಿದರು. ಹಲಗೆ ಬಂದಾಗ ಬೆಸುಗೆಯ ಅಂಚಿನಲ್ಲಿ, ಪಾಠದಲ್ಲಿ ಬರೆದಿರುವಂತೆಯೇ, ತಂತಿ ತುಂಡಾಗಿ ನೇತಾಡುತ್ತಿತ್ತು. ಮೇಲಿನ ಕಂಬಿಯ ಬುಡದಿಂದ ನೀರು ಜಿನುಗಿ ಟೇಪಿನೊಳಗೆ ಹಸಿರು ಪಾಚಿಯಂತಹ ಕಿಲುಬು ಕಟ್ಟಿತ್ತು. ಸರಿಪಡಿಸುವ ಕೆಲಸ ನಾಲ್ಕು ನಿಮಿಷದ್ದು. ಅಲ್ಲಿಗೆ ತಲುಪಲು ಒಂದೂಕಾಲು ತಾಸು ಹಿಡಿದಿತ್ತು.

ಇದು ನಾನೇ ಮಾಡಿದ್ದು ಎಂದು ಹೇಳಿದೆ. ಬಾಯಿಯವರು ಡಬ್ಬಿಗಳನ್ನು ಮರಳಿ ಜೋಡಿಸುತ್ತ, "ನೀನು ಇಲ್ಲದ ದಿನ ಹೀಗಾಗಿದ್ದರೆ?" ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ವೆಂಗುರ್ಲಾ ಬಂಡೆಗಳನ್ನು ದಾಟಿ, ಸಂಜೆಗೆ ಅಗ್ವಾಡ ಸುತ್ತಿ ಮಾಂಡೋವಿಯ ಅಳಿವೆ ಹೊಕ್ಕೆವು. ನಮ್ಮ ಕರ್ನಾಟಕದ ಖಾನಾಪುರ ತಾಲೂಕಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿ ಇದೇ. ಇಲ್ಲಿಯ ದಿವಾರ್ ದ್ವೀಪದಲ್ಲಿ ಕಟ್ಟಿದ ನೌಕಾಪಡೆಯ 56 ಅಡಿಯ ಹಾಯಿದೋಣಿಗೂ ಅದೇ ನದಿಯ ಹೆಸರು, 'ಮ್ಹಾದೇಯಿ'. ಅದರಲ್ಲಿ 2009-10ರಲ್ಲಿ ದಿಲೀಪ್ ದೋಂದೆ ಒಬ್ಬರೇ ಭೂಮಿಯನ್ನು ಸುತ್ತಿದ ಮೊದಲ ಭಾರತೀಯರಾದರು. ಅವರು ದೋಣಿ ಕಟ್ಟುವ ಕೆಲಸದಲ್ಲಿ ತಾವೂ ತೊಡಗಿದ್ದರು ಎಂಬ ಮಾತನ್ನು ಅಂಗಳದಲ್ಲಿ ಮೊದಲೇ ಕೇಳಿದ್ದೆ. ಅಷ್ಟು ದೊಡ್ಡ ಅಧಿಕಾರಿಗೆ ಅದೇಕೆ ಬೇಕಿತ್ತು ಎಂದು ಆಗ ಅನಿಸಿತ್ತು. ಅಗ್ವಾಡದ ಕೆಳಗೆ ಬರುವಾಗ ಆ ಪ್ರಶ್ನೆ ನಾಚಿಕೆ ತರಿಸಿತು.

ರಾಯರ ದೋಣಿಯ ಕೆಲಸವನ್ನು ಬಿಡಿಗಾಸು ಪಡೆಯದೆ ಮತ್ತೆ ಮಾಡಿದೆ. ತಂತಿಗಳೆಲ್ಲ ಈಗ ಕಾಣುವ ಹಾಗೆ ಒಂದು ತೆರೆದ ದಾರಿಯಲ್ಲಿ ಹೋಗುತ್ತವೆ, ಗೇಣಿಗೊಂದು ಕಡೆ ಬಿಗಿದಿವೆ. ಜೋಡಣೆಗಳು ಮೂರೇ ಜಾಗದಲ್ಲಿ, ಮೂರೂ ಬಾಯಿಯವರ ಕೈಗೆ ಎಟಕುತ್ತವೆ. ಪ್ರತಿ ತಂತಿಗೆ ಎರಡೂ ತುದಿಯಲ್ಲಿ ಸಂಖ್ಯೆ. ಗೂಡಿನ ಬಾಗಿಲ ಒಳಬದಿಗೆ ಕನ್ನಡದಲ್ಲಿ ಬರೆದ ನಕ್ಷೆ ಅಂಟಿಸಿದೆ. ಅದರಲ್ಲಿ ಬಾಯಿಯವರು ಎರಡು ಕಾಗುಣಿತ ತಪ್ಪು ತಿದ್ದಿದರು. ಹೆಚ್ಚುವರಿ ಫ್ಯೂಸುಗಳ ಡಬ್ಬಿಗೆ ನೋಟುಬುಕ್ಕಿನಲ್ಲಿ ಹಪ್ಪಳದ ಪಕ್ಕ ಜಾಗ ಸಿಕ್ಕಿದೆ.

ಈಗ ಹೊಸ ಗಿರಾಕಿ ಬಂದರೆ ದೋಣಿಯಲ್ಲಿ ಒಂದು ರಾತ್ರಿ ಮಲಗಿ ಬಂದ ಮೇಲೆಯೇ ದರ ಹೇಳುತ್ತೇನೆ. ಮಾಲೀಕರಿಗೆ ಇದು ವಿಚಿತ್ರ, ಅಂಗಳದ ಯಜಮಾನರಿಗೆ ದಂಡ. ಕಳೆದ ತಿಂಗಳು ಒಬ್ಬರು ಕೆಲಸ ನೋಡಿ ಮುಖ ಹಿಂಡಿದರು: "ಈ ತಂತಿಗಳೆಲ್ಲ ಹೀಗೆ ಕಾಣುತ್ತವಲ್ಲ, ಮುಚ್ಚಲು ಆಗುವುದಿಲ್ಲವೇ?" ಅವರನ್ನು ಹಾಸಿಗೆಯ ಮೇಲೆ ಮಲಗಲು ಹೇಳಿ, ಕಿಟಕಿಗಳ ಪರದೆ ಎಳೆದು, ದೀಪ ಆರಿಸಿ, ಮೂರನೆಯ ಫ್ಯೂಸ್ ಹುಡುಕಿ ಎಂದೆ. ಒಂದು ನಿಮಿಷದೊಳಗೆ ಹುಡುಕಿದರು. ಆದರೂ ಮುಚ್ಚಳ ಬೇಕೇ ಬೇಕು ಎಂದರು. ಮಾಡಿಕೊಟ್ಟೆ: ಒಂದು ತೆಳು ಹಲಗೆ, ಬೆರಳಿನಿಂದ ತಿರುಗಿಸುವ ಎರಡು ಮರದ ಚಿಲಕ. ಅಯಸ್ಕಾಂತ ಹಾಕಿ ಎಂದಿದ್ದರು, ದಿಕ್ಸೂಚಿ ಅಲ್ಲೇ ಪಕ್ಕದಲ್ಲಿದೆ, ಅದಕ್ಕೆ ಒಪ್ಪಲಿಲ್ಲ. ಸ್ಕ್ರೂ ಒಂದೂ ಇಲ್ಲ. ಹಲಗೆಯ ಹಣವನ್ನು ಬಿಲ್ಲಿಗೆ ಸೇರಿಸಿದೆ.