ಪತ್ತನಾಜೆಗೆ ಮೊದಲು ಓಮ್ನಿಯ ಚೇಂಬರ್

ಶನಿವಾರ

ಬದಿಯಡ್ಕದಿಂದ ನಮ್ಮಲ್ಲಿಗೆ ಬರುವ ಮಣ್ಣುದಾರಿಯ ನಡುವೆ ಒಂದು ಮುರಕಲ್ಲು (ಜಂಬಿಟ್ಟಿಗೆ) ಇದೆ. ಪ್ರತಿ ಮಳೆಗಾಲ ಮಣ್ಣು ಕೊಚ್ಚಿಹೋಗಿ ಅದರ ತಲೆ ಇನ್ನಷ್ಟು ಮೇಲೇಳುತ್ತದೆ. ಪತ್ತನಾಜೆ, ಅಂದರೆ ಮೇ ಕೊನೆಗೆ ಬರುವ ತುಳುವರ ಮಳೆಗಾಲದ ಗಡಿದಿನ, ಹತ್ತಿರವಾಯಿತು. ಕಳೆದ ವಾರ ತೋಟದ ಮದ್ದಿಗೆ ಮೈಲುತುತ್ತು ಹೇರಿಕೊಂಡು ಬರುವಾಗ ಓಮ್ನಿ ವ್ಯಾನಿನ ಆಯಿಲ್ ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಅದಕ್ಕೇ ಬಡಿಯಿತು. ಅಂಚಿನಲ್ಲಿ ಆಯಿಲ್ ಜಿನುಗುವುದು ಹಳೇ ಕತೆ. ಹೊಸತೆಂದರೆ, ಇಂಜಿನ್ ಬಿಸಿಯಾಗಿ ಐಡಲ್‌ಗೆ ಬಂದಾಗ ಆಯಿಲ್ ಲೈಟು ಮಿಣುಕುತ್ತಿದೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಸರಿಯಾಗೇ ಇದೆ.

ಜಾಕ್ ಕೊಟ್ಟು ಎತ್ತಿದೆ. "ಅಡಿಗೆ ಎರಡು ಮುರಕಲ್ಲು ಇಟ್ಟರೆ ಸಾಲದಾ?" ಎಂದರು ಅಪ್ಪ. ಸಾಲದು. ಗೋಡೆಗೆ ಗಟ್ಟಿ ನಿಲ್ಲುವ ಕಲ್ಲು ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಪುಡಿಯಾದೀತು. ಹಲಸಿನ ಮರದ ತುಂಡು ಇಟ್ಟೆ. ಬಿಸಿ ಆಯಿಲ್ ಇಳಿಸಿ, ಅಡಿಯಲ್ಲಿ ಅಡಕೆ ಹಾಳೆ ಹರಡಿ, 10ರ ಸ್ಪ್ಯಾನರ್‌ನಲ್ಲಿ ಬೋಲ್ಟು ಬಿಚ್ಚಿದೆ. ಎಲ್ಲ ಬಿಚ್ಚಿದರೂ ಚೇಂಬರ್ ಜಪ್ಪಯ್ಯ ಎನ್ನಲಿಲ್ಲ. ಹಿಂದೆ ಯಾರೋ ಮೆತ್ತಿದ ಸಿಲಿಕಾನ್ ಅಂಟು! ಸ್ಕ್ರೂಡ್ರೈವರ್ ತೂರಿಸುವ ಆಸೆ ತಡೆದುಕೊಂಡು, ತೆಳು ಬ್ಲೇಡು ಹಾಯಿಸಿ ಮರದ ತುಂಡಿನಿಂದ ತಟ್ಟುತ್ತಾ ಒಂದು ಸುತ್ತು ಬಂದಾಗ ಕಳಚಿತು.

ಭಾನುವಾರ

ಲೈಟು ಮಿಣುಕಿದ್ದಕ್ಕೆ ಕಾರಣ ಸಿಕ್ಕಿತು. ತಗ್ಗು ಬಿದ್ದದ್ದು ಸರಿಯಾಗಿ ಆಯಿಲ್ ಸೋಸುವ ಜಾಲರಿ, ಸ್ಟ್ರೈನರ್‌ನ ಅಡಿಗೆ. ತಳ ಮೇಲೆ ಬಂದು ಪಂಪಿಗೆ ಆಯಿಲ್ ಹೀರುವ ಬಾಯಿಯನ್ನೇ ಅರ್ಧ ಮುಚ್ಚಿದೆ. ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದು ತಳದಲ್ಲಿಟ್ಟು, ಚೇಂಬರ್ ಕೂರಿಸಿ ತೆಗೆದೆ. ಅಪ್ಪಚ್ಚಿಯಾದ ಹಿಟ್ಟಿನ ದಪ್ಪ 2 ಮಿ.ಮೀ. ಒಳಗಿಂದ ಸುತ್ತಿಗೆಯಲ್ಲಿ ತಟ್ಟಿದ ಮೇಲೆ 7.

ಸೋರಿಕೆಗೆ ಮಾತ್ರ ಕಲ್ಲು ಕಾರಣವಲ್ಲ. ಅಂಚಿನ ತಗಡು ಪ್ರತಿ ಬೋಲ್ಟಿನ ತೂತಿನ ಬಳಿಯೂ ಉಬ್ಬಿದೆ. ಜಿನುಗಿದಾಗಲೆಲ್ಲ "ಇನ್ನೊಂದು ಸುತ್ತು ಟೈಟ್ ಮಾಡುವ" ಎಂದು ತಿರುಗಿಸಿದ್ದರ ಫಲ. ಬೋಲ್ಟಿನ ಬಳಿ ಒತ್ತಿ, ನಡುವೆ ಬಾಯಿ ಬಿಟ್ಟಿದೆ. ತಿರುಗಿಸಿದವರಲ್ಲಿ ನಾನೂ ಒಬ್ಬ. ಕಬ್ಬಿಣದ ಪಟ್ಟಿಯ ಮೇಲಿಟ್ಟು ತಟ್ಟಿ ಸಮ ಮಾಡಲು ಮಧ್ಯಾಹ್ನವೆಲ್ಲ ಹಿಡಿಯಿತು.

ಸೋಮವಾರ

ಸ್ಟ್ರೈನರ್ ತೊಳೆದು ಹೊಸ ಓ-ರಿಂಗ್ ಹಾಕಿದೆ, ಹಳತು ಕಲ್ಲಿನಂತಾಗಿತ್ತು. ಎರಡೂ ಅಂಚು ಥಿನ್ನರ್‌ನಲ್ಲಿ ಒರೆಸಿ, 3 ಮಿ.ಮೀ. ದಪ್ಪದ ಸಿಲಿಕಾನ್ ಗೆರೆ ಎಳೆದೆ, ತೂತುಗಳ ಒಳಬದಿಯಿಂದ. ಹೆಚ್ಚಾದರೆ ಒಳಗೆ ಉದುರಿ ಸ್ಟ್ರೈನರ್‌ಗೇ ಕಟ್ಟುತ್ತದೆ. ನಡುವಿನಿಂದ ತುದಿಗೆ, ಎದುರುಬದುರಾಗಿ ಬೋಲ್ಟು. 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು. ಎರವಲು ಟಾರ್ಕ್ ರೆಂಚ್ 'ಟಕ್' ಎಂದಾಗ ಕೈ ಇನ್ನೂ ತಿರುಗಿಸಬೇಕೆಂದಿತು. ಬಿಟ್ಟುಬಿಟ್ಟೆ.

ಬುಧವಾರ

ಸಿಲಿಕಾನ್ ಒಣಗಲು ಮಂಗಳವಾರ ಬಿಟ್ಟಿದ್ದೆ. ಮೋಡ ಕಟ್ಟಿತ್ತು, ಮಳೆ ಬರಲಿಲ್ಲ. ಇವತ್ತು ಆಯಿಲ್ ಹುಯ್ದು, ಇಂಜಿನ್ ಹತ್ತಿಕೊಳ್ಳದಂತೆ ಕಾಯಿಲ್‌ನ ವಯರ್ ಕಳಚಿ ಲೈಟು ಆರುವ ತನಕ ಸ್ಟಾರ್ಟರ್ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿದೆ. ಪೆರ್ಲಕ್ಕೆ ಹೋಗಿಬಂದರೂ ಲೈಟು ಮಿಣುಕಲಿಲ್ಲ.

ಸಂಜೆ ಹಾಳೆ ಎಳೆದು ನೋಡಿದರೆ ಚೇಂಬರ್ ಅಡಿ ಒಣಗಿದೆ. ತುಸು ಹಿಂದೆ ಒಂದು ಹನಿ. ಮೂಸಿದೆ: ಗೇರ್ ಆಯಿಲ್. ತೋಟಕ್ಕೆ ಮದ್ದು ಬಿಟ್ಟು ಮುಗಿಯಲಿ, ನೋಡುವ.